ಇಸುಬೂ ಚಿಂತೆಯೂ

ಇಸುಬು ಹತ್ತಿದವರನ್ನು ಕಂಡರೆ “ಚಿಂತೆ ಬಿಡಿ, ತಾನೇ ವಾಸಿಯಾಗುತ್ತದೆ” ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಹೇಳುವವರು ಹಿತೈಷಿಗಳೇ ಸರಿ. ಆದರೂ ಈ ಮಾತಿನೊಳಗೆ ಒಂದು ಅಪವಾದವು ಅಡಗಿದೆಯೆಂದು ನನಗೆ ತೋರುತ್ತದೆ. ವಾಸಿಯಾಗದಿದ್ದರೆ ತಪ್ಪು ರೋಗಿಯದೇ ಎಂದಾಯಿತಲ್ಲವೆ?

ಚಿಂತೆಗೂ ಇಸುಬಿಗೂ ಸಂಬಂಧವುಂಟೆಂಬುದು ಸುಳ್ಳಲ್ಲ. ಮನಸ್ಸು ನೊಂದಾಗ ಮೆದುಳಿನ ಪ್ರೇರಣೆಯಿಂದ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸುರಿಸುತ್ತವೆ. ಸ್ವಲ್ಪಕಾಲದ ಕ್ಲೇಶದಲ್ಲಿ ಇದು ಉರಿಯೂತವನ್ನು ಹತೋಟಿಯಲ್ಲಿಡುತ್ತದೆ. ಕ್ಲೇಶವು ತಿಂಗಳುಗಟ್ಟಲೆ ನಡೆದರೆ ಆ ಹತೋಟಿಯೇ ಕೆಡಬಹುದು. ಆಗ ರೋಗನಿರೋಧಕ ಶಕ್ತಿಯು ಅಲರ್ಜಿಯ ಕಡೆಗೆ ವಾಲುತ್ತದೆ. ಚರ್ಮದ ನರಾಗ್ರಗಳಿಂದ ಹೊರಟ ದ್ರವ್ಯಗಳು ಅಲ್ಲಿನ ಜೀವಕೋಶಗಳನ್ನು ಕೆಣಕಿ ಹಿಸ್ಟಮಿನ್ ಮೊದಲಾದುವನ್ನು ಬಿಡಿಸುತ್ತವೆ. ಒಡೆದ ಚರ್ಮವು ಬೇಗ ಕೂಡಿಕೊಳ್ಳುವುದಿಲ್ಲ. ತುರಿಸಿದರೆ ಗಾಯ, ಗಾಯದಿಂದ ನಿದ್ರಾಭಂಗ, ನಿದ್ರಾಭಂಗದಿಂದ ಮರಳಿ ಕ್ಲೇಶ. 1995ರಲ್ಲಿ ಜಪಾನಿನ ಕೋಬೆ ಪ್ರಾಂತದ ಭೂಕಂಪವಾದ ಮೇಲೆ ಇಂತಹ ರೋಗಿಗಳನ್ನು ವಿಚಾರಿಸಲಾಗಿ, ಬಹಳ ಹಾನಿಯಾದ ಕಡೆ ನೂರಕ್ಕೆ 38 ಮಂದಿಗೂ, ಹಾನಿಯಾಗದ ಕಡೆ 7 ಮಂದಿಗೂ ವ್ಯಾಧಿಯು ಉಲ್ಬಣಿಸಿತ್ತು.

ಉಲ್ಬಣಿಸುವುದು ಬೇರೆ, ಹುಟ್ಟುವುದು ಬೇರೆ. ಚರ್ಮವನ್ನು ಬಿಗಿಯಾಗಿಡುವ ಫಿಲಗ್ರಿನ್ ಎಂಬ ಪ್ರೋಟೀನಿನ ಕೊರತೆಯು ಅನೇಕ ರೋಗಿಗಳಿಗೆ ವಂಶದಿಂದಲೇ ಬರುವುದೆಂದು 2006ರಲ್ಲಿ ತಿಳಿಯಿತು. ತೊಟ್ಟಿಲ ಕೂಸಿಗೂ ಇಸುಬು ಹತ್ತುತ್ತದೆ; ಅದಕ್ಕೆ ಯಾವ ಸಂಸಾರಚಿಂತೆ?

ಚರಕಸಂಹಿತೆಯು ವಿಚರ್ಚಿಕೆಯನ್ನು ಕ್ಷುದ್ರಕುಷ್ಠಗಳಲ್ಲಿ ಎಣಿಸಿ, ಕುಷ್ಠದ ಕಾರಣಗಳೊಳಗೆ ವಿರುದ್ಧಾಹಾರದೊಡನೆ ಗುರುಗಳ ತಿರಸ್ಕಾರವನ್ನೂ ಪಾಪಕರ್ಮವನ್ನೂ ಸೇರಿಸಿದೆ. ಸಂಸ್ಕೃತ ಓದಿದ ನನ್ನಂಥವರು ಇದನ್ನು ಬಹುಕಾಲ ಪ್ರಶ್ನಿಸಲಿಲ್ಲ. ಈಗ ಪಾಪದ ಪೀಠದಲ್ಲಿ ಚಿಂತೆಯನ್ನು ಕೂರಿಸಿದರೆ ನಾವು ಮುಂದೆ ಬಂದಂತಾಯಿತೆ?

ನಮ್ಮ ಚನ್ನರಾಯಪಟ್ಟಣ ಹೋಬಳಿಯಲ್ಲಿ 1777 ಎಕರೆ ಭೂಸ್ವಾಧೀನವನ್ನು ವಿರೋಧಿಸಿ ರೈತರು 2022ರ ಏಪ್ರಿಲಿನಿಂದ ಧರಣಿ ಕುಳಿತರು. ಸರ್ಕಾರವು ಅದನ್ನು ಕೈಬಿಡುವುದಾಗಿ ಸಾರಿದ್ದು 2025ರ ಜುಲೈ 15ರಂದು. ಆ ಮೂರು ವರ್ಷ ಇಸುಬಿನಿಂದ ನರಳಿದ ಗೃಹಿಣಿಯೊಬ್ಬಳಿದ್ದಳೆಂದು ಭಾವಿಸೋಣ. ಚಿಂತೆ ಬಿಡೆಂದು ಅವಳಿಗೆ ಹೇಳುವ ಅಧಿಕಾರ ಯಾರಿಗಿತ್ತು? ಅದು ಅವಳು ಸಾಕಿಕೊಂಡ ಚಿಂತೆಯಲ್ಲ. ನೋಟೀಸಿನ ರೂಪದಲ್ಲಿ ಬಾಗಿಲಿಗೆ ಬಂದದ್ದು. ಸ್ನಾನವಾದೊಡನೆ ಹಚ್ಚುವ ಜಿಡ್ಡು, ವೈದ್ಯರು ಹೇಳಿದ ಮುಲಾಮು, ಒಂದು ರಾತ್ರಿಯ ನಿದ್ರೆ, ಇವು ಅವಳಿಗೆ ಬೇಕು. ಮನಸ್ಸಿಗೂ ಚಿಕಿತ್ಸೆಯುಂಟು, ತುರಿಸುವ ಅಭ್ಯಾಸವನ್ನು ಬಿಡಿಸಲು ಅದು ಕೆಲವರಿಗೆ ನೆರವಾಗುತ್ತದೆ. ಬೇಡವೆಂದು ನಾನು ಹೇಳೆನು.

ಪಾಠದ ನಡುವೆ ಮೊಣಕೈ ತುರಿಸಿಕೊಳ್ಳುತ್ತಿದ್ದ ಹುಡುಗನೊಬ್ಬನನ್ನು “ಮನಸ್ಸು ಗಟ್ಟಿಮಾಡು, ಕೈ ಕೆಳಗಿಡು” ಎಂದು ನಾನೂ ಒಮ್ಮೆ ಗದರಿಸಿದ್ದೆನು. ಅವನು ಕೈಗಳೆರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಗಂಟೆ ಹೊಡೆಯುವವರೆಗೂ ಹಾಗೆಯೇ ಕುಳಿತಿದ್ದನು.