ನಮ್ಮ ಗುಂಡಿ, ನೆರೆಯವನ ಬಾವಿ

ಬಾವಿ ತೋಡಿಸಿ ಜನರಿಗೆ ನೀರು ಒದಗಿಸುವುದು ಸದಕಾ ಜಾರಿಯಾ ಎಂದು ನಾವೆಲ್ಲರೂ ಬಲ್ಲೆವು. ತೋಡಿಸಿದವನು ಮಣ್ಣು ಸೇರಿದ ಮೇಲೂ ಅದರ ಪುಣ್ಯ ಅವನಿಗೆ ಸಲ್ಲುತ್ತಲೇ ಇರುತ್ತದೆ. ಹಝ್ರತ್ ಉಸ್ಮಾನ್(ರ) ಮದೀನಾದ ರೂಮಾ ಬಾವಿಯನ್ನು ಹಣ ಕೊಟ್ಟು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಆದರೆ ಪ್ರಿಯ ಓದುಗರೇ, ಇದರ ಇನ್ನೊಂದು ಮಗ್ಗುಲನ್ನು ನೀವು ಯೋಚಿಸಿದ್ದೀರಾ? ನಾವು ನೆಲಕ್ಕೆ ಬಿಟ್ಟ ಹೊಲಸು ನೆರೆಯವನ ಬಾವಿಯನ್ನು ಸೇರಿದರೆ, ಆ ಲೆಕ್ಕವೂ ನಮ್ಮ ಹೆಸರಿನಲ್ಲಿ ಬೆಳೆಯುತ್ತಲೇ ಇರುವುದಿಲ್ಲವೇ?

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹಬ್ಬಿ 600ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರು ಕುಡಿದವರೆಂದು ಜಾನ್ ಸ್ನೋ ಎಂಬ ವೈದ್ಯರು ತೋರಿಸಿಕೊಟ್ಟರು. ಮರುವರ್ಷ ನೆಲ ಅಗೆದು ನೋಡಿದಾಗ ಆ ಬಾವಿಯಿಂದ ಮೂರಡಿಯೂ ದೂರವಿಲ್ಲದ ಕಡೆ ಒಂದು ಮನೆಯ ಹೊಲಸು ಗುಂಡಿಯಿತ್ತು. ಅದರ ಇಟ್ಟಿಗೆಗಳು ಸಡಿಲವಾಗಿದ್ದವು. ಭೇದಿಯಿಂದ ನರಳುತ್ತಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರನ್ನು ತಾಯಿ ಅದೇ ಗುಂಡಿಗೆ ಸುರಿದಿದ್ದಳು. ಪಾಪ, ಆಕೆಗೆ ಏನೂ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ. ತಿಳಿದವನ ಹೊಣೆ ಬೇರೆಯೇ.

ನಮ್ಮ ಕರಾವಳಿಯ ಊರುಗಳನ್ನೇ ನೋಡಿ. ಐದಾರು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಕಕ್ಕಸುಗುಂಡಿ ಎಲ್ಲವೂ ಇರುತ್ತವೆ. ಗುಂಡಿಗೆ ತಳವಿಲ್ಲ, ನೀರು ಇಂಗಿ ಹೋಗಲೆಂದೇ ಹಾಗೆ ಬಿಡುತ್ತೇವೆ. ಮಣ್ಣು ರೋಗಾಣುಗಳನ್ನು ಒಂದಷ್ಟು ಸೋಸೀತು. ಆದರೆ ಮಲಮೂತ್ರದಿಂದ ಉಂಟಾಗುವ ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ನೀರಿನಲ್ಲಿ ಕರಗಿ ನೀರು ಹೋದಲ್ಲಿಗೆ ಹೋಗುತ್ತದೆ. ರಂಧ್ರಗಳಿರುವ ನಮ್ಮ ಮುರಕಲ್ಲಿನಲ್ಲಿ ಅದರ ದಾರಿ ಇನ್ನೂ ಸುಗಮ.

ನೀರು ಕೆಟ್ಟಿತೇ ಎಂದು ತಿಳಿಯಲು ಬಣ್ಣ, ವಾಸನೆ, ರುಚಿ ನೋಡಬೇಕೆಂದು ಮದ್ರಸಾದಲ್ಲಿ ಕಲಿತಿದ್ದೇವೆ. ನೈಟ್ರೇಟ್ ಈ ಮೂರರಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ಆ ನೀರಿನಲ್ಲಿ ವುಝೂ ಸಿಂಧುವಾದೀತು. ಹಾಗೆಂದು ಅದು ಎಳೆಗೂಸಿಗೆ ಕುಡಿಸಲು ಯೋಗ್ಯವೆಂದಲ್ಲ. ಪುಡಿಹಾಲನ್ನು ಅಂತಹ ನೀರಿನಲ್ಲಿ ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗುವಿನ ಮೈ ನೀಲಿಗಟ್ಟಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನದಂಡ.

ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು. ಯಾರ ಕೇಡಿನಿಂದ ನೆರೆಯವನಿಗೆ ನೆಮ್ಮದಿಯಿಲ್ಲವೋ ಅಂಥವನ ವಿಶ್ವಾಸದ ಕುರಿತೇ ಕಠಿಣ ಎಚ್ಚರಿಕೆ ನೀಡಿದರು. ನೆರೆಯವನ ಹಕ್ಕು ಕಾಂಪೌಂಡ್ ಗೋಡೆಯ ಬಳಿ ನಿಲ್ಲುವುದೇ? ಗೋಡೆಯ ಅಡಿಪಾಯ ಎರಡು ಮೂರು ಅಡಿ; ನೀರು ಅದರ ಕೆಳಗಿನಿಂದ ಹಾದುಹೋಗುತ್ತದೆ. ಅಲ್ಲಿ ಕಾಣುವವರು ಯಾರೂ ಇಲ್ಲ, ಅಲ್ಲಾಹನ ಹೊರತು.

ಆದ್ದರಿಂದ ಮನೆ ಕಟ್ಟುವವರೇ, ಗೇಟಿಗೂ ಟೈಲ್ಸಿಗೂ ಖರ್ಚು ಮಾಡುವ ಮುನ್ನ ಗುಂಡಿಯ ಲೆಕ್ಕ ಹಾಕಿರಿ. ಅದು ನಿಮ್ಮ ಬಾವಿಯಿಂದ ಮಾತ್ರವಲ್ಲ, ನೆರೆಮನೆಯ ಬಾವಿಯಿಂದಲೂ ಕನಿಷ್ಠ 50 ಅಡಿ ದೂರವಿರಲಿ. ಮುರಕಲ್ಲಿನ ನೆಲದಲ್ಲಿ ಅದೂ ಸಾಲದಿರಬಹುದು. ಅಷ್ಟು ಜಾಗವಿಲ್ಲದಿದ್ದರೆ ತಳಕ್ಕೂ ಗೋಡೆಗೂ ಸಿಮೆಂಟ್ ಹಾಕಿ ಸೋರದ ಟ್ಯಾಂಕ್ ಕಟ್ಟಿಸಿ, ತುಂಬಿದಾಗ ಖಾಲಿ ಮಾಡಿಸಿ. ಹಳೆಯ ಗುಂಡಿ ಇರುವವರು ಬಾವಿ ನೀರನ್ನು ಪರೀಕ್ಷೆಗೆ ಕೊಡಿ. ಫಲಿತಾಂಶ ಕೆಟ್ಟದಾಗಿ ಬಂದರೆ ನೆರೆಯವನಿಂದ ಮುಚ್ಚಿಡಬೇಡಿ.

ನಾವು ಹೋದ ಮೇಲೂ ಹರಿಯುವುದು ಒಳಿತೇ ಆಗಿರಲಿ, ಕೆಡುಕಾಗದಿರಲಿ. ಅಲ್ಲಾಹನು ಅನುಗ್ರಹಿಸಲಿ. ಆಮೀನ್.