ಸೂರಿನ ಕೆಳಗಿನ ನೆಲ

ಇಂಗ್ಲೆಂಡಿನ ಹಳ್ಳಿಗಳಲ್ಲಿರುವ ಪ್ರಾಚೀನ ಚರ್ಚುಗಳಲ್ಲಿ ಅನೇಕವು ತಮ್ಮ ಅಂಗಳಕ್ಕಿಂತ ತಗ್ಗಿನಲ್ಲಿ ಕುಳಿತಂತೆ ತೋರುತ್ತವೆ. ಕಟ್ಟಡವೇನೂ ಕುಸಿದಿಲ್ಲ, ಎಂಟುನೂರು, ಸಾವಿರ ವರ್ಷಗಳ ಕಾಲ ತಲೆಮಾರಿನ ಮೇಲೆ ತಲೆಮಾರು ತಮ್ಮವರನ್ನು ಒಂದೇ ಅಂಗಳದಲ್ಲಿ ಹೂಳುತ್ತ, ಹಳೆಯ ಕುಳಿಗಳನ್ನು ಕಡಿದೇ ಹೊಸ ಕುಳಿಗಳನ್ನು ತೋಡುತ್ತ ಬಂದುದರಿಂದ, ಸುತ್ತಲಿನ ನೆಲವೇ ಮೇಲೆದ್ದಿದೆ. ಆ ನೆಲದ ತೇವವು ಗೋಡೆಗೆ ಹತ್ತಿ ಗಾರೆ ಉದುರತೊಡಗಿದಾಗ, ಗೋಡೆಯ ಬುಡದಲ್ಲಿ ಚರಂಡಿಯೊಂದನ್ನು ತೋಡಿ ಮಳೆಯ ನೀರನ್ನು ದೂರ ಸಾಗಿಸದೆ ಊರವರಿಗೆ ಬೇರೆ ಗತಿಯಿಲ್ಲ.

ಇದಕ್ಕೆ ಧರ್ಮಸಭೆಯ ಅನುಜ್ಞೆ ಬೇಕು. ಅಗೆತ ನಡೆಯುವಷ್ಟು ಹೊತ್ತೂ ಪ್ರಾಕ್ತನಶಾಸ್ತ್ರಜ್ಞನೊಬ್ಬನು ಪಕ್ಕದಲ್ಲಿ ನಿಂತು ನೋಡುತ್ತಿರತಕ್ಕದ್ದೆಂಬ ನಿಬಂಧನೆ ಆ ಅನುಜ್ಞೆಯೊಡನೆ ಬರುವುದುಂಟು. ಯಂತ್ರದ ಹಲ್ಲಿಲ್ಲದ ಬಾಯಿ ಮಣ್ಣನ್ನು ತೆಳ್ಳಗೆ ಪದರಪದರವಾಗಿ ಕೆರೆಯುತ್ತಿರಲು, ಅವನು ಮಣ್ಣಿನ ಬಣ್ಣವನ್ನೇ ನೋಡುತ್ತಿರುತ್ತಾನೆ. ಕಪ್ಪಗೆ ನೀಳವಾದ ಒಂದು ಆಕಾರ ಕಂಡೊಡನೆ ಕೈಯೆತ್ತಿ ಯಂತ್ರವನ್ನು ನಿಲ್ಲಿಸಿ, ಕರಣೆ ಹಿಡಿದು ತಾನೇ ಕೆಳಗಿಳಿಯುತ್ತಾನೆ. ಅಸ್ಥಿಪಂಜರವನ್ನು ಕದಲಿಸದೆ ಚರಂಡಿಯನ್ನು ಅದರ ಸುತ್ತ ತಿರುಗಿಸಿ ಒಯ್ಯಬಹುದಾದರೆ ಹಾಗೆಯೇ ಮಾಡುತ್ತಾರೆ. ಹಿಂದಿನ ಅಗೆತಗಳಲ್ಲಿ ಚದರಿಹೋದ ಬಿಡಿ ಎಲುಬುಗಳನ್ನು ಆಯ್ದಿಟ್ಟು, ಕೆಲಸ ಮುಗಿದ ಮೇಲೆ ಅದೇ ಅಂಗಳದಲ್ಲಿ ಮತ್ತೆ ಮಣ್ಣಿಗೊಪ್ಪಿಸುತ್ತಾರೆ. ಅನುಮತಿಯಿಲ್ಲದೆ ಹೂತ ದೇಹವನ್ನು ತೆಗೆಯುವುದು ಅಪರಾಧವೆಂದು 1857ರ ಶಾಸನವೇ ಹೇಳುತ್ತದೆ.

ಆದರೆ ಶಾಸನವು ಉತ್ತರಿಸದ ಪ್ರಶ್ನೆಯೊಂದುಂಟು. ಹೆಸರೂ ಉಳಿಯದ, ವಂಶವೂ ಉಳಿಯದ ಈ ಎಲುಬುಗಳಿಗೆ ನಾವು ನಿಜವಾಗಿ ಋಣಿಗಳೇ? ಸುಮಾರು 421ರಲ್ಲಿ ಸಂತ ಅಗಸ್ಟೀನನ ಮುಂದೆ ಇದಕ್ಕೆ ಹತ್ತಿರದ ಪ್ರಶ್ನೆಯೇ ಬಂದಿತ್ತು. ತಾಯಿಯೊಬ್ಬಳು ತೀರಿಹೋದ ತನ್ನ ಮಗನನ್ನು ಇಟಲಿಯ ನೋಲಾದಲ್ಲಿ ಸಂತ ಫೆಲಿಕ್ಸನ ಸನ್ನಿಧಿಯಲ್ಲಿ ಹೂಳಬೇಕೆಂದು ಬಯಸಿದ್ದಳು. ಅದರಿಂದ ಸತ್ತವನಿಗೆ ಪ್ರಯೋಜನವುಂಟೇ ಎಂದು ಅಲ್ಲಿಯ ಬಿಷಪ್ ಪಾಲಿನಸನು ಕೇಳಿದನು. ಸ್ಥಳವು ತಾನಾಗಿ ಸತ್ತವನನ್ನು ಉದ್ಧರಿಸಲಾರದು, ಉತ್ತರಕ್ರಿಯೆಗಳು ಬದುಕಿರುವವರ ಸಮಾಧಾನಕ್ಕಾಗಿಯೇ ಹೆಚ್ಚು, ಆ ಸ್ಥಳದ ನೆನಪು ತಾಯಿಯನ್ನು ಪ್ರಾರ್ಥನೆಗೆ ಎಳೆದರೆ ಆ ಪ್ರಾರ್ಥನೆಯಿಂದ ಫಲವುಂಟು ಎಂಬುದು ಅಗಸ್ಟೀನನ ಉತ್ತರದ ಸಾರ. ಹೀಗೆ ಹೇಳಿಯೂ ಅವನು ದೇಹವನ್ನು ಬಿಸುಡಗೊಡುವುದಿಲ್ಲ: ತಂದೆಯ ಉಡುಪನ್ನೂ ಉಂಗುರವನ್ನೂ ಮಕ್ಕಳು ಅಕ್ಕರೆಯಿಂದ ಇಟ್ಟುಕೊಳ್ಳುವರಾದರೆ, ಉಡುಪಿಗಿಂತ ಆಪ್ತವಾದ ದೇಹವನ್ನು ಹೇಗೆ ಅನಾದರಿಸುವುದು ಎನ್ನುತ್ತಾನೆ. ದೇಹವು ಕಳಚಿಡಬೇಕಾದ ಜೀರ್ಣವಸ್ತ್ರವೆಂಬ ಮಾತನ್ನು ಬಾಲ್ಯದಿಂದಲೇ ಕೇಳುತ್ತ, ಚಿತೆಯ ಬೂದಿಯನ್ನು ಹೊಳೆಗೆ ಬಿಡುವುದನ್ನು ನೋಡುತ್ತ ಬೆಳೆದ ನನಗೆ, ಅದೇ ಉಪಮಾನವು ಇಲ್ಲಿ ಇನ್ನೊಂದು ದಿಕ್ಕಿಗೆ ತಿರುಗಿದುದನ್ನು ಕಂಡು ಬಹುಕಾಲ ಮನಸ್ಸು ಅಲ್ಲಿಯೇ ನಿಂತಿತು.

ಆದರೂ ಅಗಸ್ಟೀನನ ಮಾತನ್ನು ಪೂರ್ಣವಾಗಿ ಒಪ್ಪಲು ನನ್ನಿಂದಾಗದು. ಅದಕ್ಕೆ ಕಾರಣ ನಾರ್ಥಾಂಪ್ಟನ್‌ಷೈರಿನ ರಾನ್ಡ್ಸ್ ಎಂಬ ಊರಿನ ಮಣ್ಣಿನಲ್ಲಿದೆ. ಹತ್ತನೆಯ ಶತಮಾನದ ಒಂದು ಚಿಕ್ಕ ಚರ್ಚಿನ ಸುತ್ತ ಸುಮಾರು 360 ಸಮಾಧಿಗಳು ಅಲ್ಲಿ ದೊರೆತವು. ಹಸುಳೆಗಳ ಸಮಾಧಿಗಳು ಗೋಡೆಗೆ ಅಂಟಿದಂತೆ, ಸೂರಿನ ನೀರು ಬೀಳುವ ಪಟ್ಟಿಯಲ್ಲಿಯೇ ಗುಂಪುಗೂಡಿದ್ದವು. ದೇವಾಲಯದ ಮಾಡನ್ನು ತೊಳೆದು ಬರುವ ನೀರು ಪವಿತ್ರವಾಗಿ ಆ ಕೂಸುಗಳ ಮೇಲೆ ಸದಾ ಬೀಳುತ್ತಿರಲೆಂದು ಹೆತ್ತವರು ಹಾಗೆ ಮಾಡಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುವಿಗೆ ಸ್ವರ್ಗವಿಲ್ಲವೆಂದು ಬೋಧಿಸಿದವನೂ ಇದೇ ಅಗಸ್ಟೀನನೇ. ಶಾಸ್ತ್ರವು ಬಾಗಿಲನ್ನು ಮುಚ್ಚಿದ ಮೇಲೆಯೂ ಶಾಸ್ತ್ರವನ್ನು ಎದುರಿಸದೆ, ಮಗುವನ್ನು ಮಳೆಯ ಕೈಗೆ ಒಪ್ಪಿಸಿಬಂದ ತಾಯಂದಿರ ಈ ನಂಬಿಕೆಯನ್ನು ಬದುಕಿರುವವರ ಸಮಾಧಾನವೆಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಆ ಮೊರೆಗೆ ಅವಧಿಯಿರಲಿಲ್ಲ. ಅದನ್ನಿಟ್ಟವಳು ಸತ್ತಳೆಂದು ಅದು ರದ್ದಾಗುವುದೂ ಇಲ್ಲ. ಚರ್ಚಿನ ಕಲ್ಲುಗಳು ಪಿತ್ರಾರ್ಜಿತವಾಗಿ ಯಾರ ಪಾಲಿಗೆ ಬಂದವೋ, ಆ ಮೊರೆಯೂ ಅವರ ಪಾಲಿಗೇ ಬಂದಿದೆ.

ತೇವದಿಂದ ಗೋಡೆಯನ್ನು ಕಾಯಲು ಇಂದು ತೋಡುವ ಚರಂಡಿಯು ಹಾಯಬೇಕಾದುದೂ ಸೂರಿನ ಕೆಳಗಿನ ಅದೇ ಪಟ್ಟಿಯಲ್ಲಿ. ಯಾವ ನೀರನ್ನು ಅನುಗ್ರಹವೆಂದು ಬಯಸಿದರೋ ಆ ನೀರನ್ನೇ ಈಗ ಕೊಳವೆಯಲ್ಲಿ ಹಿಡಿದು ಆಚೆಗೆ ಕಳುಹಿಸಬೇಕಾಗಿದೆ. ಕಟ್ಟಡ ಉಳಿಯಬೇಕಾದರೆ ಅದು ಅನಿವಾರ್ಯವೆಂಬುದನ್ನು ನಾನು ಬಲ್ಲೆ. ಆದಕಾರಣವೇ ಹಳ್ಳದ ಅಂಚಿನಲ್ಲಿ ನಿಂತವನ ಎಚ್ಚರವನ್ನು ಬರಿಯ ವಿದ್ಯೆಯ ವ್ಯವಹಾರವೆಂದು ಎಣಿಸಲಾರೆ. ಕಡ್ಡಿಯಂತಹ ಒಂದು ಪಕ್ಕೆಲುಬನ್ನು ಬೇರಿನಿಂದ ಬೇರ್ಪಡಿಸಿ ಗುರುತಿಸುವ ಕಣ್ಣು ಅವನಿಗೆ ಇರಬೇಕು. ಗುರುತಿಸಿದ ಮೇಲೆ, ಕೊಳವೆಯನ್ನು ಒಂದು ಗೇಣು ಆಚೆಗೆ ಸರಿಸಿ ಎಂದು ಹೇಳುವ ಧೈರ್ಯವೂ ಇರಬೇಕು.