ಸತ್ಯ ತಿಳಿದ ಮೇಲೆ

ಕನ್ನಡದ ಕಿರುತೆರೆಯಲ್ಲಿ ನ್ಯಾಯಾಲಯದ ವಾದವನ್ನು ಮನೆಮಂದಿಯೆಲ್ಲ ಕುಳಿತು ಸವಿಯುವ ವಸ್ತುವನ್ನಾಗಿ ಮಾಡಿಕೊಟ್ಟ ಶ್ರೇಯಸ್ಸು ಬಹುಮಟ್ಟಿಗೆ ಶ್ರೀ ಟಿ. ಎನ್. ಸೀತಾರಾಂ ಅವರಿಗೆ ಸಲ್ಲತಕ್ಕದ್ದು. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಡಗೂಡಿ ದೂರದರ್ಶನಕ್ಕೆ ಅವರು ನಿರ್ದೇಶಿಸಿದ ‘ಮಾಯಾಮೃಗ’ದಿಂದ ಮೊದಲ್ಗೊಂಡು, ‘ಮನ್ವಂತರ’, ‘ಮುಕ್ತ’ಗಳನ್ನು ಹಾದು, 2018ರ ‘ಮಗಳು ಜಾನಕಿ’ಯವರೆಗೂ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ದಿನಚರಿಯನ್ನು ನಿರ್ಣಯಿಸಿದವು ಈ ಧಾರಾವಾಹಿಗಳೇ, ಅವರೇ ಅಭಿನಯಿಸಿದ ವಕೀಲ ಸಿ.ಎಸ್.ಪಿ. ಗಟ್ಟಿಯಾಗಿ ಕೂಗದೆ, ಮೇಜು ಗುದ್ದದೆ, ಮೆಲುದನಿಯಲ್ಲಿ ಸಾಕ್ಷಿಯನ್ನು ಸುತ್ತುವರಿಯುವಾಗ, ಕಟಕಟೆಯನ್ನು ಒಮ್ಮೆಯೂ ಕಂಡರಿಯದವರು ಸಹ ಪಾಟೀಸವಾಲಿನ ಮರ್ಮವನ್ನು ಬಲ್ಲವರಂತೆ ತಲೆದೂಗುತ್ತಿದ್ದರು. ಆ ಮಾರ್ಗವನ್ನು ಅನುಸರಿಸಿ ಬಂದ ಅನುಕರಣಗಳಿಗಂತೂ ಲೆಕ್ಕವಿಲ್ಲ. ಅವುಗಳ ನ್ಯಾಯಾಧೀಶರು ನಮ್ಮ ಯಾವ ನ್ಯಾಯಾಲಯದಲ್ಲಿಯೂ ಬಳಕೆಯಲ್ಲಿಲ್ಲದ ಸುತ್ತಿಗೆಯನ್ನು ಕುಟ್ಟುತ್ತಾರೆ, ಸಾಕ್ಷಿಗಳು ಯಾರೂ ಕೇಳದ ಭಗವದ್ಗೀತೆಯ ಮೇಲೆ ಕೈಯಿಡುತ್ತಾರೆ, ವಾಯಿದೆಯೆಂಬುದು ಮಾತ್ರ ಯಾರಿಗೂ ಸಿಕ್ಕುವುದಿಲ್ಲ. ಇವೆಲ್ಲ ಕ್ಷಮಾರ್ಹವಾದ ಅತಿಶಯೋಕ್ತಿಗಳು. ನನ್ನ ಆಕ್ಷೇಪಣೆ ಬೇರೊಂದು ಕಡೆಯಲ್ಲಿದೆ.

ಗಂಜಾಮಿನ ಒಂದು ಮನೆಯ ಪಡಸಾಲೆಯಲ್ಲಿ ಅಂಥದೊಂದು ಕಂತನ್ನು ನೋಡುತ್ತ ಕುಳಿತಿದ್ದೆ. ಕೊಲೆಯ ಮೊಕದ್ದಮೆ, ಸರ್ಕಾರಿ ವಕೀಲರ ಕೊನೆಯ ಸಾಕ್ಷಿಯೂ ತಿರುಗಿಬಿದ್ದು, ಆರೋಪಿಗೆ ಸಂಶಯದ ಲಾಭ ದೊರೆಯುವ ಸೂಚನೆ ಕಂಡಿತು. ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದ ಮನೆಯ ಅಜ್ಜಿ, ಕೈಯಲ್ಲಿದ್ದ ಕಾಯನ್ನು ಮೊರಕ್ಕೆಸೆದು, “ಅವ್ನೇ ಕಣಪ್ಪ ಮಾಡಿದ್ದು! ಮೊನ್ನೆ ನಾವೇ ಕಣ್ಣಾರೆ ನೋಡ್ನಿಲ್ವಾ? ಆ ಜಡ್ಜಪ್ಪಂಗೆ ಅಷ್ಟೂ ಗೊತ್ತಾಗಕಿಲ್ವಾ?” ಎಂದರು. ಮೊಮ್ಮಗ ನಕ್ಕ. ಅಜ್ಜಿಯ ಕೋಪದಲ್ಲಿ ನಗತಕ್ಕ ಅಂಶ ನನಗೆ ಕಾಣಲಿಲ್ಲ. ಕೊಲೆ ನಡೆದ ಕಂತನ್ನು ಅವರು ನೋಡಿದ್ದರು, ನ್ಯಾಯಾಧೀಶ ನೋಡಿರಲಿಲ್ಲ. ಹೀಗಿರುವಲ್ಲಿ ಅವರ ಆಕ್ರೋಶವು ತರ್ಕಬದ್ಧವಾದದ್ದೇ. ಆದರೆ ಕಣ್ಣಾರೆ ಕಂಡವನು ಸಾಕ್ಷಿಯಾಗಬಲ್ಲನೇ ಹೊರತು ನ್ಯಾಯಾಧೀಶನಾಗಲಾರನೆಂಬುದೂ, ತಾನು ಖುದ್ದಾಗಿ ಬಲ್ಲ ಸಂಗತಿಯನ್ನು ತೀರ್ಪಿಗೆ ಆಧಾರ ಮಾಡಿಕೊಳ್ಳಲು ನ್ಯಾಯಾಧೀಶನಿಗೆ ಅಧಿಕಾರವಿಲ್ಲವೆಂಬುದೂ ನ್ಯಾಯಶಾಸ್ತ್ರದ ಪ್ರಥಮ ಪಾಠಗಳಲ್ಲಿ ಸೇರಿವೆ. ಪ್ರೇಕ್ಷಕರನ್ನು ಮೊದಲು ಸರ್ವಜ್ಞರನ್ನಾಗಿ ಮಾಡಿ, ಬಳಿಕ ಕಡತದಲ್ಲಿರುವಷ್ಟನ್ನು ಮಾತ್ರ ನೋಡಬಲ್ಲ ಮನುಷ್ಯನೊಬ್ಬನ ಎದುರಿಗೆ ಅವರನ್ನು ಕೂರಿಸಿ, ಅವನ ಅಜ್ಞಾನಕ್ಕಾಗಿ ಅವರು ಕೆರಳುವಂತೆ ಮಾಡುವುದು ಕಥೆಗಾರನ ಕೌಶಲ.

ಈ ಕೌಶಲದಿಂದ ಒಂದು ತತ್ತ್ವವು ನಮಗರಿವಾಗದಂತೆ ನಮ್ಮೊಳಗೆ ಇಳಿದುಬಿಡುತ್ತದೆ: ಸತ್ಯವು ಎಲ್ಲಿಯೋ ಬಚ್ಚಿಡಲ್ಪಟ್ಟಿದೆ; ಅದನ್ನು ಹೊರಗೆಳೆಯುವುದೇ ನ್ಯಾಯ; ಹೊರಗೆಳೆದ ಕ್ಷಣದಲ್ಲಿ ನ್ಯಾಯಾಲಯದ ಕೆಲಸ ಮುಗಿಯಿತು. ಕೊನೆಯ ಗಳಿಗೆಯಲ್ಲಿ ಬಾಗಿಲು ನೂಕಿಕೊಂಡು ಬರುವ ಸಾಕ್ಷಿ, ತೊದಲುತ್ತ ತಪ್ಪೊಪ್ಪಿಕೊಳ್ಳುವ ಖಳ, ಆನಂದಬಾಷ್ಪ ಸುರಿಸುವ ತಾಯಿ, ಎಲ್ಲರೂ ಆ ತತ್ತ್ವದ ಪರಿಚಾರಕರು. ನ್ಯಾಯದ ಕಠಿಣವಾದ ಭಾಗವು ಸತ್ಯ ಗೊತ್ತಾದ ಮೇಲೆಯೇ ಆರಂಭವಾಗುತ್ತದೆಂದು ನಾನು ನಂಬಿದ್ದೇನೆ. ಕಳವು, ಕೊಲೆಗಳಲ್ಲಿ ಯಾರು ಮಾಡಿದರೆಂಬ ಪ್ರಶ್ನೆ ಮುಖ್ಯವೆಂಬುದನ್ನು ಅಲ್ಲಗಳೆಯುವವರಾರು? ಆದರೆ ಮನುಷ್ಯರ ವ್ಯಾಜ್ಯಗಳಲ್ಲಿ ಬಹುಭಾಗವು, ನಡೆದದ್ದನ್ನೆಲ್ಲ ಉಭಯ ಪಕ್ಷದವರೂ ಒಪ್ಪಿಕೊಂಡ ಬಳಿಕವೂ, ಉಳಿದೇ ಇರುತ್ತದೆ.

ಇದನ್ನು ಮಂಡ್ಯದ ಜನಕ್ಕೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಕಾವೇರಿಗೆ ಕಟ್ಟಿದ ಕನ್ನಂಬಾಡಿಯ ಕಟ್ಟೆಯಿರುವುದು ನಮ್ಮ ಜಿಲ್ಲೆಯಲ್ಲಿಯೇ. ಅದರ ಪೂರ್ಣಮಟ್ಟ 124.80 ಅಡಿಯೆಂಬುದನ್ನು ಮಕ್ಕಳೂ ಬಲ್ಲರು. ಇಂದಿನ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು ಎಂಬುದು ದಿನಪತ್ರಿಕೆಯಲ್ಲಿ ಪ್ರತಿನಿತ್ಯ ಅಚ್ಚಾಗುತ್ತದೆ. ಕಾವೇರಿ ನೀರಿನ ಬಗೆಗಿನ 1924ರ ಒಪ್ಪಂದವು ಗುಟ್ಟಿನ ಪತ್ರವಲ್ಲ. 1990ರಲ್ಲಿ ರಚಿತವಾದ ನ್ಯಾಯಾಧಿಕರಣವು ಮರುವರ್ಷ ಮಧ್ಯಂತರ ಆದೇಶವನ್ನು ಕೊಟ್ಟಿತು, 2007ರಲ್ಲಿ ಅಂತಿಮ ತೀರ್ಪನ್ನು ಕೊಟ್ಟಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿ 284.75 ಎಂದು ನಿಗದಿಪಡಿಸಿತು. ಇಷ್ಟೂ ವರ್ಷಗಳ ವಾದದಲ್ಲಿ ಬಾಗಿಲು ನೂಕಿಕೊಂಡು ಬಂದ ಸಾಕ್ಷಿಯಾಗಲಿ, ತಪ್ಪೊಪ್ಪಿಕೊಂಡ ಖಳನಾಗಲಿ ಇಲ್ಲ. ಅಂಕಿಅಂಶಗಳ ಬಗೆಗೆ ತಜ್ಞರು ಸೆಣಸಿದ್ದುಂಟು. ಆದರೆ ಕಣ್ಣಿಗೆ ಕಾಣುವ ನೀರು ಎರಡು ಕಡೆಯ ಗದ್ದೆಗಳಿಗೂ ಸಾಲದೆಂಬ ಸಂಗತಿಯಲ್ಲಿ ರಹಸ್ಯವೇನೂ ಇರಲಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಇಲ್ಲಿಯ ಒಣಗುವ ಕಬ್ಬಿಗೂ ತಮಿಳುನಾಡಿನ ಬಾಡುವ ಕುರುವೈ ಪೈರಿಗೂ ನಡುವೆ ಸಂಕಟವನ್ನು ಹೇಗೆ ಹಂಚಬೇಕು? ಪ್ರಶ್ನೆಯಿರುವುದು ಇಷ್ಟೇ, ಮತ್ತು ಇಷ್ಟಕ್ಕೇ ಉತ್ತರ ದುರ್ಲಭ. ಹೆದ್ದಾರಿಯಲ್ಲಿ ಕುಳಿತು ಧಿಕ್ಕಾರ ಕೂಗುವ ನಮ್ಮವರು ಕೂಡ, ನ್ಯಾಯಾಲಯಕ್ಕೆ ಸತ್ಯ ತಿಳಿದಿಲ್ಲ, ತಿಳಿದಿದ್ದರೆ ತೀರ್ಪು ನಮ್ಮಂತಾಗುತ್ತಿತ್ತು ಎಂದು ವಾದಿಸುವಾಗ, ಅವರ ಬಾಯಿಂದ ಮಾತಾಡುತ್ತಿರುವುದು ಧಾರಾವಾಹಿಯ ತತ್ತ್ವವೇ ಎಂದು ನನಗೆ ಅನ್ನಿಸಿದೆ. ಆಚೆಯ ದಡದವರೂ ಇದನ್ನೇ ಹೇಳುತ್ತಾರಾದ್ದರಿಂದ ಈ ಮಾತನ್ನು ನಿರ್ಭಯವಾಗಿ ಬರೆಯುತ್ತಿದ್ದೇನೆ.

ಕಥೆಯೆಂದ ಮೇಲೆ ಕುತೂಹಲ ಬೇಕು, ಗುಟ್ಟಿಲ್ಲದ ವ್ಯಾಜ್ಯವನ್ನು ಯಾರು ನೋಡುತ್ತಾರೆ ಎಂದು ಕೇಳಬಹುದು. ಉತ್ತರಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಕುಂತಿಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ, ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಯಲ್ಲಿ, ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ‘ಕುರುಕ್ಷೇತ್ರ’ ನಾಟಕವನ್ನು ಆಡದ ಊರು ಕಡಿಮೆ. ಸೀನರಿ ಬಾಡಿಗೆಗೆ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ದುರ್ಯೋಧನನ ಪಾತ್ರಕ್ಕಾಗಿ ಹೆಚ್ಚು ಹಣ ಕೊಡಲು ರೈತರು ಪೈಪೋಟಿ ನಡೆಸುತ್ತಾರೆ. ಬೆಳಗಿನ ಜಾವದವರೆಗೂ ಕಂಬಳಿ ಹೊದ್ದು ಕುಳಿತಿರುವ ಆ ಜನದಲ್ಲಿ ಕಥೆಯ ಅಂತ್ಯವನ್ನು ಅರಿಯದವನು ಒಬ್ಬನೂ ಇಲ್ಲ. ಆದರೂ ಸಂಧಾನಕ್ಕೆ ಬಂದ ಕೃಷ್ಣನಿಗೂ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆನ್ನುವ ಕೌರವನಿಗೂ ವಾದ ಬೆಳೆದಂತೆ, ಕಂದಕಂದಕ್ಕೂ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತದೆ. ಮುಚ್ಚಿಟ್ಟದ್ದು ಏನೂ ಇಲ್ಲದ ಕಡೆ ಹಕ್ಕಿನ ಮಾತೇ ರಸವನ್ನು ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಅದಕ್ಕೂ ಹಿಂದಿನ, ನನ್ನ ಮಟ್ಟಿಗೆ ಜಗತ್ತಿನ ನ್ಯಾಯಾಲಯ ಪ್ರಸಂಗಗಳಲ್ಲೆಲ್ಲ ಅತ್ಯಂತ ಘೋರವಾದ ಪ್ರಸಂಗವು ದ್ಯೂತಸಭೆಯದು. ತನ್ನನ್ನೇ ಸೋತ ಮೇಲೆ ನನ್ನನ್ನು ಒತ್ತೆಯಿಡಲು ಧರ್ಮರಾಯನಿಗೆ ಅಧಿಕಾರವೆಲ್ಲಿಯದು ಎಂದು ದ್ರೌಪದಿ ಕೇಳಿದಳು. ಇದು ಶುದ್ಧವಾದ ಕಾನೂನಿನ ಪ್ರಶ್ನೆ. ಯಾವಾಗ ಯಾರನ್ನು ಪಣವೊಡ್ಡಲಾಯಿತೆಂಬುದು ಸಭೆಯ ಸಮಸ್ತರ ಕಣ್ಣೆದುರಿಗೇ ನಡೆದಿತ್ತು. ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದು ನುಣುಚಿಕೊಂಡನು. ವಿಕರ್ಣನೊಬ್ಬ ಎದ್ದು ಆಕೆಯ ಪರವಾಗಿ ನುಡಿದನು. ಅಷ್ಟರಲ್ಲಿ ಸೀರೆ ಅಕ್ಷಯವಾಯಿತು, ವೃದ್ಧರಾಜನು ವರಗಳನ್ನು ಕೊಟ್ಟನು, ಸಭೆ ಮುಗಿಯಿತು. ಪ್ರಶ್ನೆಗೆ ತೀರ್ಪು ಬರಲೇ ಇಲ್ಲ. ಪವಾಡವು ಆಕೆಯ ಮಾನವನ್ನು ಕಾಯಿತು, ಸಭಾಸದರನ್ನೂ ಉತ್ತರ ಹೇಳುವ ಹೊಣೆಯಿಂದ ಕಾಯಿತು. ನಾವು ಭಕ್ತಿಯಿಂದ ಕೈಮುಗಿಯುವ ಭರದಲ್ಲಿ ಈ ಎರಡನೆಯದನ್ನು ಗಮನಿಸುವುದಿಲ್ಲ. ಧಾರಾವಾಹಿಯ ಕೊನೆಯ ಗಳಿಗೆಯ ಸಾಕ್ಷಿಯು ಮಾಡುವ ಉಪಕಾರ ಇಂಥದೇ. ಅವನು ಬಂದನೆಂದರೆ ನಿರ್ಣಯಿಸುವ ಶ್ರಮ ನ್ಯಾಯಾಧೀಶನಿಗೂ ಇಲ್ಲ, ನಮಗೂ ಇಲ್ಲ.

ಕಥೆ ಬರೆಯುವವರಿಗೆ ನನ್ನದೊಂದು ಸಲಹೆಯುಂಟು. ಒಂದು ಭಾಗದ ದಾವೆಯನ್ನು ತೆಗೆದುಕೊಳ್ಳಲಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಪಿತ್ರಾರ್ಜಿತವಾದ ಒಂದೆಕರೆ ಗದ್ದೆ. ಒಬ್ಬ ಅಣ್ಣ, ಒಬ್ಬಳು ತಂಗಿ. ವಂಶವೃಕ್ಷ, ಪಹಣಿ, ಮದುವೆಯ ಖರ್ಚು, ಎಲ್ಲವನ್ನೂ ಮೊದಲ ದಿನವೇ ಇಬ್ಬರೂ ಒಪ್ಪಿಬಿಡಲಿ. ಕರ್ನಾಟಕವು 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯು ಆ ಬೇಲಿಯನ್ನು ಕಿತ್ತಿತು. ತಂದೆಯು ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ಬದುಕಿರಲೇಬೇಕಾಗಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದ್ದರಿಂದ ಕಾನೂನು ಎಲ್ಲಿ ನಿಂತಿದೆಯೆಂಬುದರಲ್ಲಿಯೂ ಗುಟ್ಟಿಲ್ಲ. “ಇಷ್ಟು ವರ್ಷ ಅವ್ವನ್ನ ನೋಡ್ಕೊಂಡೋರು ಯಾರು?” ಎಂದು ಅಣ್ಣನು ಕೇಳಲಿ. “ಇಷ್ಟು ವರ್ಷ ಹುಟ್ಟುವಳಿ ತಿಂದೋರು ಯಾರು?” ಎಂದು ತಂಗಿಯು ಕೇಳಲಿ. ಎರಡೂ ನಿಜ. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುವವರಿಗೆ ಆಗ ಕೆರಳುವುದಕ್ಕೆ ಖಳನಿರುವುದಿಲ್ಲ. ಯೋಚಿಸಬೇಕಾಗುತ್ತದೆ, ಪಕ್ಕದಲ್ಲಿ ಕುಳಿತ ಮಗಳ ಮುಖವನ್ನು ಒಮ್ಮೆ, ಮಗನ ಮುಖವನ್ನು ಒಮ್ಮೆ ನೋಡಬೇಕಾಗುತ್ತದೆ.

ನ್ಯಾಯಾಲಯವು ಅರ್ಧರ್ಧವೆಂದು ಪ್ರಾಥಮಿಕ ಡಿಕ್ರಿ ಕೊಟ್ಟ ಕಂತಿಗೇ ಕಥೆಯನ್ನು ನಿಲ್ಲಿಸಕೂಡದು. ಕಂದಾಯದ ಜಮೀನಾದ್ದರಿಂದ ಅದನ್ನು ಪಾಲು ಮಾಡುವ ಕೆಲಸ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ಅವರ ಕಡೆಯಿಂದ ಒಂದು ದಿನ ಸರ್ವೇಯರು ಸರಪಳಿ ಹಿಡಿದು ಬರುತ್ತಾನೆ, ಗುಂಟೆಗೆ ಗುಂಟೆ ಸರಿಯಾಗಿ ಅಳೆದು ಕಲ್ಲು ನೆಡಲು ಸಿದ್ಧನಾಗುತ್ತಾನೆ. ನಾಲೆಯ ತೂಬು ಗದ್ದೆಯ ಒಂದೇ ತಲೆಯಲ್ಲಿದೆ. ತೂಬಿನ ಕಡೆಯ ಅರ್ಧ ಯಾರಿಗೆ?